ಬಿಳಿಚಿದ ಮುಖ, ಬಿಚ್ಚಿದ ಕೂದಲು

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯಲ್ಲಿ ಹೆಚ್ಚಿನ ಓದುಗರು ಗಮನಿಸದೆ ದಾಟಿಹೋಗುವ ಒಂದು ವಿವರವಿದೆ. ಲೂಸಿ ಎಂಬ ತರುಣಿ ದಿನದಿನಕ್ಕೂ ರಕ್ತ ಕಳೆದುಕೊಂಡು ಸಾಯುತ್ತಾಳೆ. ಸಾಯುವ ಹೊತ್ತಿನಲ್ಲಿ ದಿಂಬಿನ ಮೇಲೆ ಹರಡಿದ ಅವಳ ಕೂದಲಿಗೆ ಬಿಸಿಲಿನ ಬಣ್ಣವಿದೆ. ಕೆಲವು ದಿನಗಳ ನಂತರ ಅವಳು ಪ್ರೇತವಾಗಿ ಸ್ಮಶಾನದಲ್ಲಿ ಎದುರಾದಾಗ ಆ ಕೂದಲು ಕಪ್ಪಾಗಿದೆ. ಇದು ಲೇಖಕನ ಮರೆವೋ ಉದ್ದೇಶವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 1992ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಇದೇ ಕತೆಯನ್ನು ಸಿನಿಮಾ ಮಾಡಿದಾಗ ಲೂಸಿಯ ಕೂದಲು ಕೆಂಪಾಯಿತು. ಒಬ್ಬಳೇ ಹುಡುಗಿ, ಮೂರು ಬಣ್ಣದ ಕೂದಲು. ಹೊನ್ನಿನ ಬಣ್ಣ ಮನೆಯ ಮಗಳದ್ದು, ಕಪ್ಪು ಪ್ರೇತದ್ದು, ಕೆಂಪು ಆಸೆಯದ್ದು ಎಂದು ಹಂಚಿಕೊಟ್ಟವರು ಯಾರು?

ಈ ಪ್ರಶ್ನೆ ಸಾಹಿತ್ಯದವರಿಗಿಂತ ಹೆಚ್ಚಾಗಿ ಮೇಕಪ್ ಮತ್ತು ಕೇಶವಿನ್ಯಾಸದ ಕೆಲಸ ಮಾಡುವವರನ್ನು ಕಾಡಬೇಕಾದದ್ದು. ಇಂಗ್ಲೆಂಡ್, ಅಮೆರಿಕಗಳಲ್ಲಿ ಸಿನಿಮಾ ಮತ್ತು ರಂಗಭೂಮಿಯ ಪ್ರಸಾಧನ ಕಲಿಯುವ ವಿದ್ಯಾರ್ಥಿಗಳು ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರವರೆಗಿನ ಚೆಲುವಿನ ಕಲ್ಪನೆಯನ್ನೂ ಗಾಥಿಕ್ ಭಯದ ಕತೆಗಳನ್ನೂ ಜೊತೆಜೊತೆಗೆ ಅಭ್ಯಾಸ ಮಾಡುತ್ತಾರೆ. ಮೇಲುನೋಟಕ್ಕೆ ಇದು ವಿಚಿತ್ರ ಜೋಡಿ. ಒಂದು ಕಡೆ ಲೇಸಿನ ಕೊರಳಪಟ್ಟಿ, ನಡುಬೈತಲೆ, ಗುಲಾಬಿ ನೀರು. ಇನ್ನೊಂದು ಕಡೆ ಪಾಳುಕೋಟೆ, ಶವಪೆಟ್ಟಿಗೆ, ಕೋರೆಹಲ್ಲು. ಆದರೆ ಎರಡರ ಸಾಮಾನು ಸರಂಜಾಮಿನ ಪಟ್ಟಿಯನ್ನು ಎದುರುಬದುರು ಇಟ್ಟರೆ ಅದು ಬಹುಮಟ್ಟಿಗೆ ಒಂದೇ ಪಟ್ಟಿ: ಬಿಳಿಚಿದ ಚರ್ಮ, ಹೊಳೆಯುವ ದೊಡ್ಡ ಕಣ್ಣು, ಕೆಂಪು ತುಟಿ, ಉದ್ದನೆಯ ಕೂದಲು. ಸುಂದರಿಗೂ ಪಿಶಾಚಿಗೂ ನಡುವೆ ಒಂದು ಛಾಯೆಯಷ್ಟೇ ಅಂತರ. ಆ ಛಾಯೆ ಎಲ್ಲಿಂದ ಬಂತು ಎನ್ನುವುದೇ ಇಲ್ಲಿ ಕೇಳಬೇಕಾದ ಮಾತು.

ವಿಕ್ಟೋರಿಯಾ ಕಾಲದ ಮಧ್ಯಮವರ್ಗ ಬಣ್ಣವನ್ನು ದ್ವೇಷಿಸುತ್ತಿತ್ತು. ಮುಖಕ್ಕೆ ಬಣ್ಣ ಬಳಿದುಕೊಳ್ಳುವುದು ನಟಿಯರ ಮತ್ತು ವೇಶ್ಯೆಯರ ಕೆಲಸ, ಮರ್ಯಾದಸ್ಥರ ಮನೆಯ ಹೆಣ್ಣಿಗೆ ಅದು ಸಲ್ಲದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಆದರೆ ಅದೇ ಸಮಾಜ ಅದೇ ಹೆಣ್ಣು ಹಾಲಿನಂತೆ ಬೆಳ್ಳಗಿರಬೇಕೆಂದೂ ಬಯಸುತ್ತಿತ್ತು. ಬಿಸಿಲು ಕಂಡ ಚರ್ಮ ಕೂಲಿ ಮಾಡುವವರ ಗುರುತು. ಬಿಳಿಚಿದ ಚರ್ಮ ದುಡಿಯಬೇಕಿಲ್ಲದವರ ಗುರುತು. ಬೆಳ್ಳಗಿರಬೇಕು, ಆದರೆ ಬಳಿದುಕೊಂಡಂತೆ ಕಾಣಬಾರದು. ಈ ಎರಡು ಬೇಡಿಕೆಗಳ ನಡುವೆ ಒಂದು ಕಳ್ಳ ಮಾರುಕಟ್ಟೆ ಹುಟ್ಟಿಕೊಂಡಿತು.

ಲಂಡನ್ನಿನ ನ್ಯೂ ಬಾಂಡ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟಿದ್ದ ಮೇಡಮ್ ರೇಚಲ್ ಈ ಮಾರುಕಟ್ಟೆಯ ರಾಣಿ. ‘ಎಂದೆಂದಿಗೂ ಸುಂದರಿ’ ಎನ್ನುವುದು ಅವಳ ಅಂಗಡಿಯ ಘೋಷಣೆ. ಸಹಾರಾ ಮರುಭೂಮಿಯ ಬಂಡೆಗಳ ಮೇಲಿನ ಇಬ್ಬನಿ ಎಂದು ಹೇಳಿ ಅವಳು ನೀರು ಮಾರಿದಳು, ಅರೇಬಿಯಾದ ಸ್ನಾನ ಎಂದು ಹೇಳಿ ಸ್ನಾನ ಮಾರಿದಳು. ವಿಧವೆಯೊಬ್ಬಳನ್ನು ಮೋಸಗೊಳಿಸಿದ ಆರೋಪದಲ್ಲಿ 1868ರಲ್ಲಿ ಅವಳಿಗೆ ಐದು ವರ್ಷ ಕಠಿಣ ಸಜೆಯಾಯಿತು. ಹೊರಬಂದು ಮತ್ತೆ ಅದೇ ಕಸುಬು ಹಿಡಿದು, ಮತ್ತೆ ಜೈಲು ಸೇರಿ, 1880ರಲ್ಲಿ ಅಲ್ಲಿಯೇ ತೀರಿಕೊಂಡಳು. ಇಲ್ಲಿ ಗಮನಿಸಬೇಕಾದದ್ದು ಅವಳ ಮೋಸವನ್ನಲ್ಲ. ಮೋಸಗಾರರು ಎಲ್ಲ ಕಾಲದಲ್ಲೂ ಇದ್ದಾರೆ. ಇಂಗ್ಲಿಷ್ ಹೆಣ್ಣಿನ ಚೆಲುವಿಗೆ ಬೇಕಾದ ಗುಟ್ಟು ಪೂರ್ವದಿಕ್ಕಿನ ಮರಳುಗಾಡಿನಲ್ಲಿದೆ ಎಂದರೆ ಜನ ನಂಬುತ್ತಿದ್ದರು ಎನ್ನುವುದನ್ನು ಗಮನಿಸಬೇಕು. ಮೂವತ್ತು ವರ್ಷಗಳ ನಂತರ ಅದೇ ಪೂರ್ವದಿಂದ ಡ್ರಾಕುಲಾ ಹಡಗು ಹತ್ತಿ ಬರುತ್ತಾನೆ. ಚೆಲುವೂ ಅಲ್ಲಿಂದಲೇ, ಭಯವೂ ಅಲ್ಲಿಂದಲೇ.

ರೇಚಲ್‌ಳ ನೀರು ಜೇಬನ್ನಷ್ಟೇ ಖಾಲಿ ಮಾಡುತ್ತಿತ್ತು. ಬೇರೆ ಸಾಮಗ್ರಿಗಳು ಜೀವಕ್ಕೇ ಕೈಹಾಕುತ್ತಿದ್ದವು. ಬಿಳುಪಿಗೆ ಸೀಸದ ಪುಡಿ. ಚರ್ಮ ತಿಳಿಯಾಗಲು ಪಾಷಾಣ, ಅಂದರೆ ಆರ್ಸೆನಿಕ್. ಅದನ್ನು ಬಿಲ್ಲೆಗಳ ರೂಪದಲ್ಲಿ ‘ಅಪಾಯವಿಲ್ಲದ್ದು’ ಎಂದು ಜಾಹೀರಾತು ಕೊಟ್ಟು ಮಾರುತ್ತಿದ್ದರು. ಕಣ್ಣಿನ ಪಾಪೆ ಹಿಗ್ಗಿ ಕಣ್ಣು ದೊಡ್ಡದಾಗಿ ಕಾಣಲು ಬೆಲಡೋನಾ ಎಂಬ ವಿಷಗಿಡದ ಹನಿ. ಇಟಾಲಿಯನ್ ಭಾಷೆಯಲ್ಲಿ ಆ ಹೆಸರಿಗೆ ‘ಚೆಲುವೆ’ ಎಂದೇ ಅರ್ಥ. 1889ರಲ್ಲಿ ಲಿವರ್‌ಪೂಲಿನಲ್ಲಿ ಫ್ಲಾರೆನ್ಸ್ ಮೇಬ್ರಿಕ್ ಎಂಬಾಕೆ ಗಂಡನಿಗೆ ಪಾಷಾಣ ಹಾಕಿ ಕೊಂದಳೆಂಬ ಮೊಕದ್ದಮೆ ನಡೆಯಿತು. ನೊಣ ಕೊಲ್ಲುವ ಕಾಗದವನ್ನು ನೀರಿನಲ್ಲಿ ನೆನೆಹಾಕಿ ಅವಳು ಪಾಷಾಣ ತೆಗೆದಿದ್ದಳು. ಅದು ಮುಖ ತೊಳೆಯುವ ದ್ರಾವಣಕ್ಕೆ ಎಂಬುದು ಅವಳ ಉತ್ತರ. ನ್ಯಾಯಾಲಯ ಮರಣದಂಡನೆ ವಿಧಿಸಿತು, ನಂತರ ಅದು ಸೆರೆವಾಸಕ್ಕಿಳಿಯಿತು, 1904ರಲ್ಲಿ ಬಿಡುಗಡೆಯಾದಳು. ಅವಳು ಕೊಂದಳೋ ಇಲ್ಲವೋ ಎಂಬ ವಾದ ಇನ್ನೂ ಇದೆ. ಆದರೆ ಅವಳ ಉತ್ತರ ಆ ಕಾಲದಲ್ಲಿ ನಂಬಲಾಗದ ಉತ್ತರವೇನೂ ಆಗಿರಲಿಲ್ಲ. ಮುಖಕ್ಕೆ ಹಚ್ಚುವುದೂ ಕೊಲ್ಲುವುದೂ ಒಂದೇ ಬಟ್ಟಲಿನಲ್ಲಿ ಇರಬಹುದಾದ ಕಾಲ ಅದು. ಗಾಥಿಕ್ ಕತೆಗಾರರು ಭಯವನ್ನು ಎಲ್ಲಿಂದಲೋ ಹುಡುಕಿ ತರಬೇಕಾಗಿರಲಿಲ್ಲ. ಅದು ಕನ್ನಡಿಯ ಮುಂದಿನ ಮೇಜಿನ ಮೇಲೆಯೇ ಇತ್ತು.

ವಿಷ ಕುಡಿಯದೆಯೂ ಹಾಗೆ ಕಾಣುವ ಇನ್ನೊಂದು ದಾರಿಯಿತ್ತು. ಅದು ಕ್ಷಯ. ತೆಳ್ಳಗಾದ ಮೈ, ಪಾರದರ್ಶಕವೆನಿಸುವ ಚರ್ಮ, ಜ್ವರದಿಂದ ಕೆಂಪೇರಿದ ಕೆನ್ನೆ, ಮಿನುಗುವ ಕಣ್ಣು. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿಯುವವರೆಗೂ ಇದು ಸೂಕ್ಷ್ಮ ಮನಸ್ಸಿನವರಿಗೆ ಬರುವ ರೋಗ ಎಂಬ ಭ್ರಮೆ ಇತ್ತು. ಸಾಯುತ್ತಿರುವ ಹುಡುಗಿಯ ಲಕ್ಷಣಗಳು ಬದುಕಿರುವ ಹುಡುಗಿಯರ ಫ್ಯಾಶನ್ ಆದವು. ನಾವು ಇದನ್ನು ಕೇಳಿ ನಗಬೇಕಿಲ್ಲ. ಉರ್ದು ಓದಿದವರಿಗೆ ‘ಚಶ್ಮೆ ಬೀಮಾರ್’ ಎಂಬ ಮಾತು ಗೊತ್ತು. ನಲ್ಲೆಯ ಅರೆಮುಚ್ಚಿದ, ಸೊರಗಿದ ಕಣ್ಣನ್ನು ಫಾರಸಿ ಮತ್ತು ಉರ್ದು ಕವಿಗಳು ನೂರಾರು ವರ್ಷ ‘ರೋಗಿಷ್ಠ ಕಣ್ಣು’ ಎಂದು ಕೊಂಡಾಡಿದ್ದಾರೆ. ಹೆಣ್ಣಿನ ನಿತ್ರಾಣವನ್ನು ಚೆಲುವೆಂದು ಕರೆಯುವ ಚಟ ಯಾವುದೋ ಒಂದು ಖಂಡಕ್ಕೆ ಸೇರಿದ್ದಲ್ಲ.

ಆದರೆ ಇಂಗ್ಲಿಷ್ ಗಾಥಿಕ್ ಒಂದು ಹೆಜ್ಜೆ ಮುಂದೆ ಹೋಗಿ ಆ ನಿತ್ರಾಣಕ್ಕೆ ಹಲ್ಲು ಕೊಟ್ಟಿತು. ಅಮೆರಿಕದ ರೋಡ್ ಐಲೆಂಡಿನಲ್ಲಿ 1892ರಲ್ಲಿ ಮರ್ಸಿ ಬ್ರೌನ್ ಎಂಬ ಹುಡುಗಿ ಕ್ಷಯದಿಂದ ಸತ್ತಳು. ಅದೇ ಮನೆಯಲ್ಲಿ ಅದಕ್ಕೂ ಮೊದಲು ತಾಯಿಯೂ ಅಕ್ಕನೂ ಸತ್ತಿದ್ದರು. ಅಣ್ಣ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಒಬ್ಬರು ಗೋರಿಯೊಳಗಿಂದ ಅವನ ರಕ್ತ ಹೀರುತ್ತಿದ್ದಾರೆಂದು ಊರವರು ಹೆಣಗಳನ್ನು ತೆಗೆಸಿದರು. ಚಳಿಗಾಲದ ಹೆಣ, ಕೊಳೆತಿರಲಿಲ್ಲ. ಮರ್ಸಿಯ ಹೃದಯವನ್ನು ಸುಟ್ಟು ಬೂದಿಯನ್ನು ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಸತ್ತ. ಸ್ಟೋಕರ್‌ನ ಟಿಪ್ಪಣಿಗಳಲ್ಲಿ ಈ ಬಗೆಯ ಘಟನೆಗಳ ಪತ್ರಿಕಾ ವರದಿಯ ತುಣುಕು ಸಿಕ್ಕಿದೆ. ಲೂಸಿಯ ರೋಗ ಎಲ್ಲಿಂದ ಬಂತೆಂದು ಹೇಳಲು ಇಷ್ಟು ಸಾಕು. ಇವತ್ತಿನ ಮೇಕಪ್ ಕಲಾವಿದೆ ಪಿಶಾಚಿಯ ಕಣ್ಣಿನ ಸುತ್ತ ನೇರಳೆ-ಕೆಂಪು ನೆರಳು ಹಚ್ಚುವಾಗ, ಕೆನ್ನೆಯ ಎಲುಬಿನ ಕೆಳಗೆ ಕಪ್ಪು ತುಂಬುವಾಗ, ಅವಳು ತಿಳಿದೋ ತಿಳಿಯದೆಯೋ ಕ್ಷಯರೋಗಿಯ ಮುಖವನ್ನು ಬರೆಯುತ್ತಿರುತ್ತಾಳೆ.

ಇನ್ನು ಕೂದಲು. ವಿಕ್ಟೋರಿಯಾ ಕಾಲದ ಹುಡುಗಿ ಹದಿನಾರು ಹದಿನೇಳಕ್ಕೆ ಬಂದಾಗ ಕೂದಲನ್ನು ಮೇಲಕ್ಕೆ ಕಟ್ಟುತ್ತಿದ್ದಳು. ಅಂದಿನಿಂದ ಅದು ಬಿಚ್ಚುವುದು ಮಲಗುವ ಕೋಣೆಯಲ್ಲಿ ಮಾತ್ರ. ಕಟ್ಟಿದ ಕೂದಲು ಬೀದಿಗೆ, ಬಿಚ್ಚಿದ ಕೂದಲು ಗಂಡನಿಗೆ. ಹಾಗಾಗಿ ಕತೆಯಲ್ಲಿ ಬಿಚ್ಚಿದ ಕೂದಲಿನ ಹೆಣ್ಣು ಕಾಣಿಸಿಕೊಂಡರೆ ಓದುಗರಿಗೆ ಮೂರೇ ಅರ್ಥ: ಆಕೆ ರೋಗಿ, ಇಲ್ಲವೆ ಹುಚ್ಚಿ, ಇಲ್ಲವೆ ಕೆಟ್ಟವಳು. ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಕಾದಂಬರಿಯಲ್ಲಿ ಅಟ್ಟದ ಮೇಲೆ ಕೂಡಿಹಾಕಲ್ಪಟ್ಟ ಬರ್ತಾ ಮೇಸನ್ ಬೆನ್ನ ಮೇಲೆ ದಟ್ಟ ಕಪ್ಪು ಕೂದಲು ಚೆಲ್ಲಿಕೊಂಡು ಬರುತ್ತಾಳೆ. ಅವಳು ಜಮೈಕಾದಿಂದ ಬಂದವಳು. ಅಚ್ಚುಕಟ್ಟಾಗಿ ತಲೆ ಬಾಚಿಕೊಂಡ ಜೇನ್ ಇಂಗ್ಲೆಂಡಿನವಳು. ಇಬ್ಬರ ನಡುವಿನ ದೂರವನ್ನು ಒಂದು ಬಾಚಣಿಗೆ ಅಳೆಯುತ್ತದೆ.

ಸತ್ತವರ ಕೂದಲಿಗೂ ಆ ಕಾಲದಲ್ಲಿ ದೊಡ್ಡ ಬದುಕಿತ್ತು. 1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ತನ್ನ ಉಳಿದ ನಲವತ್ತು ವರ್ಷ ಕಪ್ಪು ಬಟ್ಟೆಯಲ್ಲೇ ಕಳೆದಳು. ಸತ್ತವರ ಕೂದಲನ್ನು ಹೆಣೆದು ಲಾಕೆಟ್ಟಿನಲ್ಲಿ, ಬಳೆಯಲ್ಲಿ, ಉಂಗುರದಲ್ಲಿ ಧರಿಸುವುದು ಮನೆಮನೆಯ ರೂಢಿಯಾಗಿತ್ತು. ಚಿತ್ರಕಾರ ಮಿಲೆ 1851-52ರಲ್ಲಿ ಬರೆದ ಒಫೀಲಿಯಾಗೆ ರೂಪದರ್ಶಿಯಾಗಿದ್ದ ಎಲಿಜಬೆತ್ ಸಿಡಲ್ ತಿಂಗಳುಗಟ್ಟಲೆ ನೀರು ತುಂಬಿದ ತೊಟ್ಟಿಯಲ್ಲಿ ಮಲಗಿ ಕಾಯಿಲೆ ಬಿದ್ದವಳು. ಅವಳ ಕೆಂಗೂದಲು ಒಂದು ಚಿತ್ರಪಂಥದ ಲಾಂಛನವೇ ಆಯಿತು. 1862ರಲ್ಲಿ ಅಫೀಮಿನ ದ್ರಾವಣ ಹೆಚ್ಚಾಗಿ ಸತ್ತಳು. ಗಂಡ ರೊಸೆಟ್ಟಿ ತನ್ನ ಕವಿತೆಗಳ ಹಸ್ತಪ್ರತಿಯನ್ನು ಅವಳ ಜೊತೆ ಹೂತ. ಏಳು ವರ್ಷದ ನಂತರ ಅದು ಬೇಕೆನಿಸಿ ಗೋರಿ ತೆಗೆಸಿದ. ಪೆಟ್ಟಿಗೆಯೊಳಗೆ ಅವಳ ಕೂದಲು ಬೆಳೆದು ತುಂಬಿಕೊಂಡಿತ್ತು ಎಂದು ತೆಗೆಸಿದವನು ಕತೆ ಹಬ್ಬಿಸಿದ. ಸತ್ತ ಮೇಲೆ ಕೂದಲು ಬೆಳೆಯುವುದಿಲ್ಲ. ಆದರೆ ಜನ ಅದನ್ನು ನಂಬಿದರು, ಏಕೆಂದರೆ ಅದು ಹಾಗಿರಬೇಕೆಂದು ಅವರಿಗೆ ಅನ್ನಿಸುತ್ತಿತ್ತು. ಬದುಕಿದ್ದಾಗ ಪಿನ್ನು ಹಾಕಿ ಬಿಗಿದ ಕೂದಲು ಸತ್ತ ಮೇಲಾದರೂ ತನ್ನಿಚ್ಛೆಯಂತೆ ಬೆಳೆದೀತು ಎಂಬ ಅಂಜಿಕೆ ಆ ಕತೆಯಲ್ಲಿದೆ. ಕೊಪ್ಪೊಲಾನ ಲೂಸಿಗೆ ಕೆಂಪು ಕೂದಲು ಬಂದದ್ದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅರ್ಥ ಬಿಚ್ಚಿಕೊಳ್ಳುತ್ತದೆ.

ಈ ಕೂದಲಿನ ಕತೆಗೆ ನಮ್ಮ ಕಡೆಯ ಎಳೆಯೊಂದು ಸೇರಿಕೊಂಡಿದೆ. ನಮ್ಮ ನಾಟಕ ಕಂಪನಿಯವರು ಟೋಪನ್ ಎಂದು ಕರೆಯುತ್ತಿದ್ದ ವಿಗ್, ಸಿನಿಮಾಕ್ಕೆ ಬೇಕಾದಾಗ ತೆಳುವಾದ ಬಲೆಯ ಮೇಲೆ ಒಂದೊಂದೇ ಕೂದಲನ್ನು ಸೂಜಿಯಿಂದ ಗಂಟುಹಾಕಿ ಮಾಡುವಂಥದ್ದು. ಅದಕ್ಕೆ ಮನುಷ್ಯರ ಕೂದಲೇ ಬೇಕು. ಜಗತ್ತಿನ ಮಾರುಕಟ್ಟೆಗೆ ಆ ಕೂದಲನ್ನು ದೊಡ್ಡ ಪ್ರಮಾಣದಲ್ಲಿ ಕೊಡುವ ದೇಶಗಳಲ್ಲಿ ನಮ್ಮದೂ ಒಂದು. ತಿರುಮಲದಲ್ಲಿ ಭಕ್ತರು ಒಪ್ಪಿಸಿದ ಮುಡಿ ಹರಾಜಾಗುತ್ತದೆ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಕೂದಲನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿ ಕಟ್ಟುವ ಕೆಲಸದಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಬಾಚಣಿಗೆಗೆ ಸಿಕ್ಕಿಬಂದ ಕೂದಲನ್ನು ಕೊಟ್ಟು ಹೇರ್‌ಪಿನ್ನೋ ಪಾತ್ರೆಯೋ ಪಡೆಯುವ ಹೆಂಗಸರು ನಮ್ಮ ಓಣಿಗಳಲ್ಲಿ ಇದ್ದಾರೆ. ತೆರೆಯ ಮೇಲಿನ ಇಂಗ್ಲಿಷ್ ದೊರೆಸಾನಿಯ ತಲೆಯಲ್ಲಿ ಯಾವ ಊರಿನ ಯಾವ ಹೆಣ್ಣಿನ ಕೂದಲಿದೆಯೋ ಯಾರೂ ಹೇಳಲಾರರು. ಸತ್ತವರ ಕೂದಲನ್ನು ಲಾಕೆಟ್ಟಿನಲ್ಲಿಟ್ಟ ವಿಕ್ಟೋರಿಯಾ ಕಾಲದವರಿಗೆ ಆ ಕೂದಲು ಯಾರದೆಂದಾದರೂ ತಿಳಿದಿರುತ್ತಿತ್ತು.

ಸ್ಟೋಕರ್ ಬರೀ ಲೇಖಕನಲ್ಲ, ರಂಗಭೂಮಿಯ ಮನುಷ್ಯ ಎನ್ನುವುದನ್ನು ವಿಮರ್ಶಕರು ಪಕ್ಕಕ್ಕಿಡುವುದುಂಟು. 1878ರಿಂದ ಆತ ಲಂಡನ್ನಿನ ಲೈಸಿಯಮ್ ನಾಟಕಶಾಲೆಯ ವ್ಯವಸ್ಥಾಪಕ, ನಟ ಹೆನ್ರಿ ಇರ್ವಿಂಗ್‌ನ ಬಲಗೈ. ಅಲ್ಲಿ 1888ರಲ್ಲಿ ಎಲೆನ್ ಟೆರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ಜೀರುಂಡೆಯ ಹಸಿರು ರೆಕ್ಕೆಗಳನ್ನು ಹೊಲಿದ ಉಡುಗೆ ಧರಿಸಿ, ಮೊಣಕಾಲಿನವರೆಗೆ ಇಳಿಯುವ ಎರಡು ಕೆಂಪು ಜಡೆ ಇಳಿಬಿಟ್ಟು ರಂಗಕ್ಕೆ ಬಂದಳು. ಮರುವರ್ಷ ಸಾರ್ಜೆಂಟ್ ಅದನ್ನು ಚಿತ್ರವಾಗಿ ಬರೆದ. ಅದೇ 1888ರಲ್ಲಿ ಅದೇ ರಂಗದ ಮೇಲೆ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ‘ಡಾ. ಜೆಕಿಲ್ ಮತ್ತು ಮಿ. ಹೈಡ್’ ಆಡಿದ. ಬೆಳಕು, ಬಣ್ಣ ಮತ್ತು ಮೈಯ ತಿರುವಿನಿಂದಲೇ ಆತ ಪ್ರೇಕ್ಷಕರ ಕಣ್ಣೆದುರು ಸಜ್ಜನನಿಂದ ದುರ್ಜನನಾಗುತ್ತಿದ್ದ. ಗ್ಯಾಸ್ ದೀಪದ ಬೆಳಕಿಗೆ ಮುಖ ಹೇಗೆ ಬಿಳಿಚುತ್ತದೆ, ಕೆಳಗಿನಿಂದ ಬಿದ್ದ ಬೆಳಕು ಸುಂದರಿಯ ಮುಖವನ್ನು ತಲೆಬುರುಡೆಯಂತೆ ಹೇಗೆ ಮಾಡುತ್ತದೆ ಎಂಬುದನ್ನು ಸ್ಟೋಕರ್ ದಿನಾ ರಾತ್ರಿ ಕಂಡವನು. ಡ್ರಾಕುಲಾ ಹುಟ್ಟಿದ್ದು ಪುಸ್ತಕದಲ್ಲಿ, ಆದರೆ ಅವನ ಹಿಂದೆ ಬಣ್ಣದ ಮನೆಯೊಂದಿತ್ತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಸಿನಿಮಾಗಳಿಗೆ ಬರೋಣ. ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ (1935) ಚಿತ್ರದ ಮೊದಲ ದೃಶ್ಯದಲ್ಲಿ ನಟಿ ಎಲ್ಸಾ ಲ್ಯಾಂಚೆಸ್ಟರ್ ಲೇಖಕಿ ಮೇರಿ ಶೆಲ್ಲಿಯಾಗಿ ಅಚ್ಚುಕಟ್ಟಾಗಿ ಕುಳಿತಿದ್ದಾಳೆ. ಕೊನೆಯ ದೃಶ್ಯದಲ್ಲಿ ಅದೇ ನಟಿ ಹೆಣಗಳ ತುಂಡುಗಳಿಂದ ಹೊಲಿದ ವಧು. ಪ್ರಸಾಧಕ ಜ್ಯಾಕ್ ಪಿಯರ್ಸ್ ಈಕೆಯ ಕೂದಲನ್ನು ಆಕಾಶಕ್ಕೆ ನಿಲ್ಲಿಸಿ ಎರಡೂ ಬದಿಗೆ ಮಿಂಚಿನಂತೆ ಬಿಳಿ ಗೆರೆ ಎಳೆದ. ಮಾದರಿ ಈಜಿಪ್ಟಿನ ರಾಣಿ ನೆಫರ್ಟೀಟಿಯ ಕಿರೀಟ. ಮುಖ ಹೆಚ್ಚೇನೂ ಬದಲಾಗಿಲ್ಲ. ಬರೆಯುವ ಹೆಣ್ಣಿಗೂ ಬರೆಯಲ್ಪಟ್ಟ ಹೆಣ್ಣಿಗೂ ಇರುವ ವ್ಯತ್ಯಾಸವನ್ನು ಕೂದಲೊಂದೇ ಹೇಳಿತು.

ಕೊಪ್ಪೊಲಾನ ‘ಡ್ರಾಕುಲಾ’ಗೆ ಪ್ರಸಾಧನದ ಆಸ್ಕರ್ ಗ್ರೆಗ್ ಕ್ಯಾನಮ್, ಮಿಶೆಲ್ ಬರ್ಕ್ ಮತ್ತು ಮ್ಯಾಥ್ಯೂ ಮುಂಗಲ್‌ರಿಗೆ, ವಸ್ತ್ರವಿನ್ಯಾಸದ್ದು ಜಪಾನಿನ ಎಯ್ಕೊ ಇಶಿಯೋಕಾಗೆ ಬಂತು. ಈ ಚಿತ್ರದ ಧೈರ್ಯ ಮೆಚ್ಚುವಂಥದ್ದು. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಕಪ್ಪು ನಿಲುವಂಗಿ ಎಂದು 1931ರಲ್ಲಿ ಬೆಲಾ ಲುಗೋಸಿ ಹಾಕಿಕೊಟ್ಟ ಅಚ್ಚನ್ನು ಇದು ಮುರಿಯಿತು. ಮುದುಕ ಡ್ರಾಕುಲಾನ ತಲೆಯ ಮೇಲೆ ಎರಡು ಬೆಟ್ಟದಂತೆ ಎದ್ದ ಬಿಳಿ ಕೂದಲು ಜಪಾನಿನ ಕಬುಕಿ ರಂಗವನ್ನು ನೆನಪಿಸುತ್ತದೆ. ಲೂಸಿಯ ಶವವಸ್ತ್ರದ ಕೊರಳಪಟ್ಟಿಗೆ ಆಸ್ಟ್ರೇಲಿಯಾದ ಹೆಡೆಬಿಚ್ಚುವ ಓತಿ ಪ್ರೇರಣೆ. ಆದರೆ ಡ್ರಾಕುಲಾ ಲಂಡನ್ನಿಗೆ ಬಂದು ತರುಣನಾದಾಗ ಉದ್ದ ಕೂದಲು, ನೀಲಿ ಕನ್ನಡಕದ ರಮ್ಯ ಪ್ರೇಮಿಯಾಗುತ್ತಾನೆ. ಅಂದರೆ ಇಂಗ್ಲೆಂಡಿಗೆ ಒಗ್ಗಿದಷ್ಟೂ ಚೆಲುವ, ತನ್ನ ಊರಿನಲ್ಲಿದ್ದಷ್ಟೂ ವಿಕಾರಿ. ಚಿತ್ರ ಇದನ್ನು ಪ್ರಶ್ನಿಸುವುದಿಲ್ಲ, ಸುಂದರವಾಗಿ ಒಪ್ಪಿಸುತ್ತದೆ.

ಗಿಯರ್ಮೊ ಡೆಲ್ ಟೊರೊನ ‘ಕ್ರಿಮ್ಸನ್ ಪೀಕ್’ (2015) ಹೊಂಗೂದಲಿನ ಎಡಿತ್ ಮತ್ತು ಕಪ್ಪು ಕೂದಲಿನ ಲ್ಯೂಸಿಲ್‌ರನ್ನು ಚಿಟ್ಟೆ ಮತ್ತು ಪತಂಗಗಳಂತೆ ಎದುರುಬದುರು ನಿಲ್ಲಿಸುತ್ತದೆ. ಕೊನೆಯ ಹೋರಾಟದಲ್ಲಿ ಇಬ್ಬರೂ ರಾತ್ರಿಯುಡುಪಿನಲ್ಲಿ, ಇಬ್ಬರೂ ಕೂದಲು ಬಿಚ್ಚಿಕೊಂಡು ಹಿಮದಲ್ಲಿ ನಿಲ್ಲುತ್ತಾರೆ. ಅಲ್ಲಿಯವರೆಗೆ ಚಿತ್ರ ಕಟ್ಟಿದ ಎಲ್ಲ ಅಂತರಗಳೂ ಕರಗಿ ಬಣ್ಣವೊಂದೇ ಉಳಿಯುತ್ತದೆ. ಲೂಸಿಯ ಕೂದಲನ್ನು ಕುರಿತ ಹಳೆಯ ಲೆಕ್ಕವನ್ನೇ ನಿರ್ದೇಶಕ ಮತ್ತೆ ಬರೆದಿದ್ದಾನೆ: ಹೊನ್ನು ಬದುಕುತ್ತದೆ, ಕಪ್ಪು ಸಾಯುತ್ತದೆ. ನೋಡಲು ಇದಕ್ಕಿಂತ ಸೊಗಸಾದ ಗಾಥಿಕ್ ಚಿತ್ರ ಸಿಗುವುದು ಕಷ್ಟ. ಆದರೆ ಅದು ತನ್ನ ಮೂಲವನ್ನು ಓದಿಕೊಂಡಷ್ಟು ಜಗಳವಾಡಲಿಲ್ಲ.

ಜಗಳವಾಡಿದ ಚಿತ್ರ ‘ಪೂರ್ ಥಿಂಗ್ಸ್’ (2023). ಸತ್ತ ಹೆಣ್ಣಿನ ದೇಹಕ್ಕೆ ಮಗುವಿನ ಮಿದುಳಿಟ್ಟು ಎಬ್ಬಿಸಿದ ಬೆಲ್ಲಾ ಇಲ್ಲಿ ನಾಯಕಿ. ಅವಳ ಕಪ್ಪು ಕೂದಲು ಸೊಂಟದ ಕೆಳಗೂ ಇಳಿದು, ಚಿತ್ರದ ಬಹುಭಾಗ ಬಿಚ್ಚಿಯೇ ಇರುತ್ತದೆ. ವಿಕ್ಟೋರಿಯಾ ಕಾಲದ ನಿಯಮದ ಪ್ರಕಾರ ಅವಳು ಹುಚ್ಚಿಯೂ ಹೌದು, ಕೆಟ್ಟವಳೂ ಹೌದು. ಆದರೆ ಕೂದಲು ಕಟ್ಟಬೇಕೆಂದು ಅವಳಿಗೆ ಯಾರೂ ಕಲಿಸಿಯೇ ಇಲ್ಲ, ಹಾಗಾಗಿ ನಾಚಿಕೆಯೂ ಇಲ್ಲ. ಹೊಲಿಗೆಯ ಗುರುತು, ವಿಕಾರ ಎಲ್ಲ ಅವಳನ್ನು ಮಾಡಿದ ವೈದ್ಯನ ಮುಖದ ಮೇಲಿವೆ. ರಾಕ್ಷಸನ ಮುಖ ಮಾಡಿದವನಿಗೆ ಹೋಯಿತು, ಮಾಡಲ್ಪಟ್ಟವಳಿಗಲ್ಲ. ನಾಡಿಯಾ ಸ್ಟೇಸಿ, ಮಾರ್ಕ್ ಕೂಲಿಯರ್ ಮತ್ತು ಜಾಶ್ ವೆಸ್ಟನ್ 2024ರಲ್ಲಿ ಇದಕ್ಕೆ ಆಸ್ಕರ್ ಪಡೆದರು. ಕಾಲವನ್ನು ಅಭ್ಯಾಸ ಮಾಡುವುದೆಂದರೆ ಅದರ ನಿಯಮ ತಿಳಿಯುವುದು, ತಿಳಿದ ಮೇಲೆ ಯಾವುದನ್ನು ಮುರಿದರೆ ಏನಾಗುತ್ತದೆಂದು ಕಾಣುವುದು. ಈ ಚಿತ್ರ ಅದಕ್ಕೆ ಒಳ್ಳೆಯ ಪಾಠ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಸ್ಟೀವನ್‌ಸನ್ 1886ರಲ್ಲಿ ಬರೆದ ಕತೆಯಲ್ಲಿ ಹೈಡ್‌ನನ್ನು ಕಂಡವರೆಲ್ಲ ಅಸಹ್ಯಪಡುತ್ತಾರೆ, ಆದರೆ ಅವನ ಮುಖದಲ್ಲಿ ಕೊರತೆ ಏನೆಂದು ಯಾರಿಗೂ ಹೇಳಲಾಗುವುದಿಲ್ಲ. ಆ ಕತೆಯ ಶಕ್ತಿಯೇ ಅದು. ಕೆಡುಕಿಗೆ ಮುಖವಿಲ್ಲ. ಆದರೆ ಮೇಕಪ್ ಮಾಡುವವನು ಹಾಗೆ ಸುಮ್ಮನಿರುವಂತಿಲ್ಲ. ಕ್ಯಾಮೆರಾ ಕಾಯುತ್ತಿದೆ, ಅವನು ಏನನ್ನಾದರೂ ಹಚ್ಚಲೇಬೇಕು. 1931ರ ಚಿತ್ರದಲ್ಲಿ ವಾಲಿ ವೆಸ್ಟ್‌ಮೋರ್ ಫ್ರೆಡ್ರಿಕ್ ಮಾರ್ಚ್‌ನ ಮುಖಕ್ಕೆ ಏನು ಹಚ್ಚಿದ? ಕಪ್ಪಾದ ಚರ್ಮ, ಅಗಲ ಮೂಗು, ಮುಂದೆ ಬಂದ ಹಲ್ಲು, ತಗ್ಗು ಹಣೆ. ಬದಲಾವಣೆ ತೋರಿಸಿದ ರೀತಿ ಜಾಣತನದ್ದು: ಮುಖಕ್ಕೆ ಮೊದಲೇ ಹಚ್ಚಿದ ಬಣ್ಣವನ್ನು ಕ್ಯಾಮೆರಾದ ಮುಂದಿನ ಬಣ್ಣದ ಗಾಜು ಬದಲಿಸಿ ಮೆಲ್ಲಗೆ ಹೊರತಂದರು. ಆದರೆ ಹೊರಬಂದದ್ದು ಯಾವ ಮುಖ? ಲೇಖಕ ಖಾಲಿ ಬಿಟ್ಟ ಜಾಗವನ್ನು ಬಣ್ಣಗಾರನ ಕೈ ಸಮಾಜ ಮೊದಲೇ ಹೀನಾಯವೆಂದು ತೀರ್ಮಾನಿಸಿದ್ದ ಮುಖದಿಂದ ತುಂಬಿತು.

ಸ್ಟೋಕರ್ ಅಷ್ಟೂ ಜಾಗ ಬಿಡಲಿಲ್ಲ. ಗಿಡುಗನ ಮೂಗು, ಕೂಡಿಕೊಂಡ ಹುಬ್ಬು, ಚೂಪು ಕಿವಿ, ದಟ್ಟ ಮೀಸೆ, ಅಂಗೈಯಲ್ಲಿ ಕೂದಲು ಎಂದು ಡ್ರಾಕುಲಾನನ್ನು ಅಂಗಾಂಗವಾಗಿ ವರ್ಣಿಸಿದ. ಮುಖ ನೋಡಿ ಅಪರಾಧಿಯನ್ನು ಗುರುತಿಸಬಹುದೆಂದು 1876ರಲ್ಲಿ ಪುಸ್ತಕ ಬರೆದ ಇಟಲಿಯ ಲೊಂಬ್ರೋಸೋನ ಹೆಸರು ಕಾದಂಬರಿಯಲ್ಲೇ ಬರುತ್ತದೆ. ಆ ಮೂಗು ಅಂದಿನ ಯುರೋಪಿನಲ್ಲಿ ಯಹೂದಿಯರನ್ನು ಅಣಕಿಸುವ ಚಿತ್ರಗಳ ಮೂಗು ಕೂಡ. 1922ರ ಜರ್ಮನ್ ಚಿತ್ರ ‘ನೊಸ್ಫೆರಾಟು’ವಿನ ಬೋಳುತಲೆಯ, ಕೊಕ್ಕಿನ ಮೂಗಿನ ಪಿಶಾಚಿಯನ್ನೂ ಹಲವು ವಿಮರ್ಶಕರು ಹಾಗೆಯೇ ಓದಿದ್ದಾರೆ. ಮುಂದೆ ಹತ್ತಿಪ್ಪತ್ತು ವರ್ಷಗಳಲ್ಲಿ ಆ ನಾಡಿನಲ್ಲಿ ಏನಾಯಿತೆಂದು ನಮಗೆಲ್ಲ ಗೊತ್ತು. ಒಂದು ಮುಖವನ್ನು ಪಿಶಾಚಿಯದೆಂದು ರೂಢಿ ಮಾಡಿಸಿದರೆ ಬೀದಿಯಲ್ಲಿ ಆ ಮುಖ ಎದುರಾದಾಗ ಜನರ ಕೈಗೆ ಕೆಲಸ ಸಿಗುತ್ತದೆ. ರಾಬರ್ಟ್ ಎಗರ್ಸ್ 2024ರಲ್ಲಿ ‘ನೊಸ್ಫೆರಾಟು’ವನ್ನು ಮತ್ತೆ ಮಾಡಿದಾಗ ತನ್ನ ಪಿಶಾಚಿಗೆ ಹಳೆಯ ಟ್ರಾನ್ಸಿಲ್ವೇನಿಯಾದ ಜಮೀನ್ದಾರನ ದಟ್ಟ ಮೀಸೆ ಕೊಟ್ಟ. ಇತಿಹಾಸದ ದೃಷ್ಟಿಯಿಂದ ಅದು ಸರಿ, ಅಭ್ಯಾಸವೂ ಶ್ರದ್ಧೆಯದ್ದು. ಆದರೂ ಪಿಶಾಚಿ ಪೂರ್ವದವನಾಗಿಯೇ ಉಳಿದ.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ. ಡೇವಿಡ್ ಲಿಂಚ್‌ನ ‘ಎಲಿಫೆಂಟ್ ಮ್ಯಾನ್’ (1980) ಚಿತ್ರಕ್ಕೆ ಕ್ರಿಸ್ಟೊಫರ್ ಟಕರ್, ವಿಕ್ಟೋರಿಯಾ ಕಾಲದಲ್ಲಿ ನಿಜವಾಗಿ ಬದುಕಿದ್ದ ಜೋಸೆಫ್ ಮೆರಿಕ್‌ನ ಮೈಯಿಂದ ಲಂಡನ್ನಿನ ಆಸ್ಪತ್ರೆಯವರು ತೆಗೆದಿಟ್ಟ ಅಚ್ಚುಗಳನ್ನು ನೋಡಿ ಮುಖ ಕಟ್ಟಿದ. ಜನ ಜಾತ್ರೆಯಲ್ಲಿ ದುಡ್ಡ ಕೊಟ್ಟು ನೋಡಿ ಕಿರುಚಿದ್ದ ಮುಖ ಅದು. ಚಿತ್ರ ನೋಡಿ ಹೊರಬಂದವರಿಗೆ ಆ ಮುಖದ ಮೇಲೆ ಪ್ರೀತಿ ಹುಟ್ಟಿತು, ಕಿರುಚಿದವರ ಮುಖಗಳೇ ವಿಕಾರವೆನಿಸಿದವು. ಈ ಕೆಲಸಕ್ಕೆ ಕೊಡಲು ಆಸ್ಕರ್‌ನಲ್ಲಿ ವಿಭಾಗವೇ ಇಲ್ಲವೆಂದು ಗಲಾಟೆಯಾಗಿ, ಮರುವರ್ಷದಿಂದ ಪ್ರಸಾಧನಕ್ಕೆ ಪ್ರತ್ಯೇಕ ಪ್ರಶಸ್ತಿ ಶುರುವಾಯಿತು. ಇನ್ನೊಂದು ದಾರಿ ಲಾಹೋರಿನಿಂದ ಬಂತು. ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ ಡ್ರಾಕುಲಾ ಮೊದಲು ಸಿಕ್ಕಿದ್ದು ಮಜ್‌ಹರುಲ್ ಹಕ್ ಅಲವಿಯವರ ಉರ್ದು ಅನುವಾದದಲ್ಲಿ. 1967ರಲ್ಲಿ ಬಂದ ಉರ್ದು ಚಿತ್ರ ‘ಜಿಂದಾ ಲಾಶ್’ ಅದೇ ಕತೆಯನ್ನು ತೆಗೆದುಕೊಂಡು ಪಿಶಾಚಿಯನ್ನು ಪರದೇಶದಿಂದ ಕರೆತರಲಿಲ್ಲ. ಇಲ್ಲಿ ಅವನು ಪ್ರೊಫೆಸರ್ ತಬಾನಿ, ಸಾವನ್ನು ಗೆಲ್ಲುವ ಮದ್ದು ಕುಡಿದ ಸ್ಥಳೀಯ ವಿಜ್ಞಾನಿ. ನಟ ರೆಹಾನ್‌ನ ಮುಖಕ್ಕೆ ಕೋರೆಹಲ್ಲು ಬಿಟ್ಟರೆ ಹೆಚ್ಚಿನ ವೇಷವಿಲ್ಲ. ಕಡಿಮೆ ಖರ್ಚಿನ ಕಪ್ಪುಬಿಳುಪು ಚಿತ್ರ. ಆದರೆ ಕೆಡುಕು ನಮ್ಮ ಊರಿನ ಓದಿದ ಮನುಷ್ಯನ ದುರಾಸೆಯಿಂದಲೂ ಹುಟ್ಟುತ್ತದೆ ಎಂಬ ತಿಳಿವಳಿಕೆ ಅದಕ್ಕಿದೆ.

ನಮ್ಮ ದೇಶದ ದೊಡ್ಡ ಬಂಡವಾಳದ ಚಿತ್ರಗಳಿಗೆ ಈ ತಿಳಿವಳಿಕೆ ಇನ್ನೂ ಬಂದಂತಿಲ್ಲ. ‘ಪದ್ಮಾವತ್’ (2018) ಚಿತ್ರದ ಅಲಾವುದ್ದೀನ್ ಖಿಲ್ಜಿಯನ್ನು ನೋಡಿ: ಹರಡಿದ ಉದ್ದ ಕೂದಲು, ಮುಖದ ಮೇಲೆ ಗಾಯದ ಗುರುತು, ಕಣ್ಣಿಗೆ ದಟ್ಟ ಸುರ್ಮಾ, ಮಾಂಸ ಹರಿಯುವ ಹಲ್ಲು. ಅಮೀರ್ ಖುಸ್ರೊನಂಥ ಕವಿಗೆ ಆಶ್ರಯ ಕೊಟ್ಟ ದರಬಾರಿನ ಸುಲ್ತಾನ ಯುರೋಪಿನ ಗಾಥಿಕ್ ಕೋಟೆಯಿಂದ ಇಳಿದುಬಂದವನಂತೆ ಕಾಣುತ್ತಾನೆ. ಆತ ಕ್ರೂರಿಯಾಗಿದ್ದ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಮಧ್ಯಯುಗದ ದೊರೆಗಳಲ್ಲಿ ಕ್ರೌರ್ಯಕ್ಕೆ ಬರವಿರಲಿಲ್ಲ. ಆದರೆ ಸುರ್ಮಾ ನಮ್ಮ ಮನೆಗಳಲ್ಲಿ ಈದ್ ದಿನ ಬೆಳಿಗ್ಗೆ ಅಜ್ಜ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಚ್ಚುವ ವಸ್ತು. ಅದು ತೆರೆಯ ಮೇಲೆ ಮೃಗದ ಗುರುತಾದಾಗ ಆ ಅಜ್ಜನ ಕಣ್ಣನ್ನೂ ಜನ ಬೇರೆ ರೀತಿ ನೋಡಲು ಕಲಿಯುತ್ತಾರೆ. ಹಚ್ಚಿದವರಿಗೆ ಅಂಥ ಉದ್ದೇಶ ಇರಲಿಕ್ಕಿಲ್ಲ. ವೆಸ್ಟ್‌ಮೋರ್‌ಗೂ ಇದ್ದಿರಲಿಕ್ಕಿಲ್ಲ. ಕೈಗೆ ಸುಲಭವಾಗಿ ಸಿಗುವ ಡಬ್ಬಿಯನ್ನು ಅವರು ತೆರೆದರು, ಅಷ್ಟೆ.

ಅದಕ್ಕಾಗಿಯೇ ಈ ಅಭ್ಯಾಸ ಮುಖ್ಯ ಎನಿಸುತ್ತದೆ. ವಿಕ್ಟೋರಿಯಾ ಕಾಲದ ಮುಖವನ್ನು ಕಲಿಯುವ ವಿದ್ಯಾರ್ಥಿನಿ ಹಳೆಯ ಫೋಟೊಗಳನ್ನು ನೋಡಿ ನಡುಬೈತಲೆ ಎಲ್ಲಿ ಬರಬೇಕು, ಗುಂಗುರು ಎಷ್ಟು ಸುತ್ತು ಸುತ್ತಬೇಕು ಎಂದು ಕಲಿತರೆ ಅರ್ಧ ಪಾಠ ಮುಗಿಯಿತು. ಆ ಬಿಳುಪಿನ ಹಿಂದೆ ಸೀಸವೂ ಪಾಷಾಣವೂ ಕ್ಷಯವೂ ಇತ್ತು, ಆ ಕಟ್ಟಿದ ಕೂದಲಿನ ಹಿಂದೆ ಬಿಚ್ಚಬಾರದೆಂಬ ಆಜ್ಞೆ ಇತ್ತು, ಆ ಪಿಶಾಚಿಯ ಮೂಗಿನ ಹಿಂದೆ ಒಂದು ಜನಾಂಗದ ಮೇಲಿನ ದ್ವೇಷವಿತ್ತು ಎಂದು ತಿಳಿಯುವುದು ಉಳಿದರ್ಧ. ಬಣ್ಣ ಹಚ್ಚುವ ಮುನ್ನ ಇದು ಯಾರ ಮುಖ ಎಂದು ಒಮ್ಮೆ ಕೇಳಿಕೊಳ್ಳುವವರು ಭಯವನ್ನು ಇನ್ನೂ ಚೆನ್ನಾಗಿಯೇ ಹುಟ್ಟಿಸಬಲ್ಲರು. ಏಕೆಂದರೆ ನಿಜವಾದ ಭಯ ಹೊರಗಿನವನ ಮುಖದಲ್ಲಿ ಕಾಣುವುದಕ್ಕಿಂತ ನಮ್ಮದೇ ಮುಖದಲ್ಲಿ ಕಂಡಾಗ ಹೆಚ್ಚು ಹೊತ್ತು ಉಳಿಯುತ್ತದೆ. ಹೈಡ್‌ಗೆ ಮುಖ ಕೊಡದೆ ಬಿಟ್ಟ ಸ್ಟೀವನ್‌ಸನ್‌ಗೆ ಅದು ಗೊತ್ತಿತ್ತು.